ಮುನ್ನೆಚ್ಚರಿಕೆ ತೆಗೆದುಕೊಳ್ಳಿ

ನಮ್ಮದು ಕೇರಳದ ಗಡಿನಾಡು, ಕಾಸರಗೋಡು. ಮಳೆಗಾಲಕ್ಕೆ ಮೊದಲು ನಮ್ಮ ವಾರ್ಡ್ ಮೆಂಬರ್ ಒಂದು ಕಾಗದ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಮಾಷ್ಟ್ರೇ, ಇದೊಂದು ಕನ್ನಡ ಮಾಡಿ ಕೊಡಿ, ಇವತ್ತೇ ಬೇಕಿತ್ತು." ಮಲಯಾಳದಲ್ಲಿ ಅಚ್ಚಾದ ಡೆಂಗ್ಯೂ ನೋಟೀಸು. ಬಿದ್ದ ಅಡಿಕೆ ಹಾಳೆಯಲ್ಲಿ, ರಬ್ಬರ್ ಮರಕ್ಕೆ ಕಟ್ಟಿದ ಗೆರಟೆಯಲ್ಲಿ, ಹಳೇ ಟಯರಿನಲ್ಲಿ ನೀರು ನಿಲ್ಲಬಾರದು, ನಿಂತದ್ದನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ಹೆಚ್ಚುಕಮ್ಮಿ ಒಂದು ವಾರ ಬೇಕು, ಆ ಲೆಕ್ಕಕ್ಕೆ ವಾರ. ಇದಕ್ಕೆ ಇಲ್ಲಿ 'ಡ್ರೈ ಡೇ' ಅಂತ ಹೆಸರು. ತಿಂಗಳ ಒಂದನೇ ತಾರೀಕಿಗೆ ಮದ್ಯದಂಗಡಿ ಮುಚ್ಚುವುದಕ್ಕೂ ಅದೇ ಹೆಸರು ಅಲ್ವಾ. 'ಭಾನುವಾರ ಎಲ್ಲಾ ಮನೆಗಳಲ್ಲಿ ಡ್ರೈ ಡೇ ಆಚರಿಸಿ' ಎಂದು ಓದಿ, ಇದೆಂಥ ಹೊಸ ಕಾನೂನು ಅಂತ ಗಾಬರಿಯಾದವರೂ ನಮ್ಮ ಕಡೆ ಇದ್ದಾರೆ.

ಹೀಗೆ ಕನ್ನಡ ಮಾಡುವಾಗ ಒಂದು ವಿಷಯ ನನ್ನನ್ನು ಕಾಡಲು ಶುರುವಾಯಿತು. ನೋಟೀಸಿನಲ್ಲಿ 'ಮುನ್‌ಕರುದಲ್ ಎಡುಕ್ಕುಕ' ಎಂದಿತ್ತು. ನನ್ನ ಪೆನ್ನು ಎಲ್ಲೂ ನಿಲ್ಲದೆ 'ಮುನ್ನೆಚ್ಚರಿಕೆ ತೆಗೆದುಕೊಳ್ಳಿ' ಎಂದು ಬರೆಯಿತು. ಎಡುಕ್ಕುಕ ಅಂದರೆ ತೆಗೆದುಕೊಳ್ಳುವುದು, ಪದಕ್ಕೆ ಪದ ಕೂತಿತು. ಮುಂದಿನ ಸಾಲಿನಲ್ಲಿ 'ತೀರುಮಾನಂ ಎಡುತ್ತು', ಅದಕ್ಕೆ 'ನಿರ್ಧಾರ ತೆಗೆದುಕೊಂಡಿದೆ'. ಎಷ್ಟು ಸಲೀಸು! ಅಕ್ಕಪಕ್ಕದ ಭಾಷೆಗಳು, ಒಂದೇ ಬುಡದವು, ಅದಕ್ಕೇ ಇಷ್ಟು ಸುಲಭ ಅಂತ ಮೊದಲಿಗೆ ಅನಿಸಿತು. ಆದರೆ ಎಚ್ಚರಿಕೆಯನ್ನು ಎಲ್ಲಿಂದಲಾದರೂ ತೆಗೆದುಕೊಳ್ಳುವುದು ನಮ್ಮಲ್ಲಿ ಯಾವಾಗ ಇತ್ತು? ನಮ್ಮಮ್ಮ 'ಜಾಗ್ರತೆ ಮಾಡು' ಅನ್ನುತ್ತಿದ್ದರು. ಆಚೆ ಮನೆಯ ಮಲಯಾಳದ ಅಮ್ಮ ಹೇಳುತ್ತಿದ್ದದ್ದು 'ನೋಕ್ಕಿಕ್ಕೋ', ನೋಡಿಕೋ ಅಂತ. ಇಬ್ಬರೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ತೆಗೆದುಕೊಳ್ಳುವವರು ಇಂಗ್ಲಿಷಿನವರು. ಅವರು ಪ್ರಿಕಾಶನ್ ತೆಗೆದುಕೊಳ್ಳುತ್ತಾರೆ, ಡಿಸಿಷನ್ ತೆಗೆದುಕೊಳ್ಳುತ್ತಾರೆ, ರೆಸ್ಟ್ ತೆಗೆದುಕೊಳ್ಳುತ್ತಾರೆ. ಮಲಯಾಳ ಅದನ್ನು ತನ್ನ ಪದಗಳಲ್ಲಿ ತುಂಬಿಸಿಕೊಂಡಿದೆ, ಕನ್ನಡ ತನ್ನ ಪದಗಳಲ್ಲಿ. ಅಚ್ಚು ಒಂದೇ ಆದ್ದರಿಂದ ಇದರಿಂದ ತೆಗೆದು ಅದಕ್ಕೆ ಹಾಕಲು ನನಗೆ ಕಷ್ಟವೇ ಆಗಲಿಲ್ಲ. ಮಲಯಾಳದಿಂದ ಕನ್ನಡಕ್ಕೆ ಅಂತ ನಾನು ಅಂದುಕೊಂಡದ್ದು ನಿಜಕ್ಕೂ ಇಂಗ್ಲಿಷಿನ ಒಳಗಿಂದಲೇ ಹಾದು ಬರುತ್ತಿತ್ತು.

ಇಂಗ್ಲಿಷ್ ಪದಗಳ ಬಗ್ಗೆ ನನಗೆ ತಕರಾರಿಲ್ಲ. ಬಸ್ಸು, ಲೈಟು, ಡಾಕ್ಟ್ರು ನಮ್ಮವೇ ಆಗಿವೆ, ಅದರ ಮೇಲೆ ಜಗಳ ಆಡುವವರು ಆಡಲಿ. ಪದ ಬಂದರೆ ಕಣ್ಣಿಗೆ ಕಾಣುತ್ತದೆ. ವಾಕ್ಯದ ಅಚ್ಚು ಬಂದದ್ದು ಕಾಣುವುದಿಲ್ಲ. ಎಲ್ಲ ಅಚ್ಚಕನ್ನಡ ಪದಗಳೇ ಇರುವ ಸಾಲಿನಲ್ಲಿ ಪೂರ್ತಿ ಇಂಗ್ಲಿಷ್ ಕೂತಿರಬಹುದು.

ಮನೆಯೂ ಪರಿಸರವೂ

ಅದೇ ನೋಟೀಸಿನ ಇನ್ನೊಂದು ಸಾಲು: 'ವೀಡುಂ ಪರಿಸರವುಂ ವೃತ್ತಿಯಾಯಿ ಸೂಕ್ಷಿಕ್ಕುಕ.' ಇದಕ್ಕೆ ಎಲ್ಲ ಪಂಚಾಯತುಗಳ ಕನ್ನಡ ನೋಟೀಸಿನಲ್ಲೂ ಸಿಗುವ ಸಾಲು 'ನಿಮ್ಮ ಮನೆ ಮತ್ತು ಪರಿಸರವನ್ನು ಶುಚಿಯಾಗಿಟ್ಟುಕೊಳ್ಳಿ'. ಇಲ್ಲಿ ಮಲಯಾಳ ನಮಗಿಂತ ಗಟ್ಟಿ. ಸರಕಾರಿ ಕಾಗದದಲ್ಲೂ ಅದು 'ವೀಡುಂ ಪರಿಸರವುಂ' ಅನ್ನುತ್ತದೆ, ಅಂದರೆ ಮನೆಯೂ ಪರಿಸರವೂ. ಕನ್ನಡಕ್ಕೂ ಆ ಬಾಲ ಇದೆ. ಅಣ್ಣನೂ ತಂಗಿಯೂ ಶಾಲೆಗೆ ಹೋದರು, ಹಗಲೂ ರಾತ್ರಿಯೂ ಮಳೆ. ಎಷ್ಟೋ ಕಡೆ ಬಾಲವೂ ಬೇಡ: ಅಪ್ಪ ಅಮ್ಮ, ಗದ್ದೆ ತೋಟ, ಅಕ್ಕಿ ಬೇಳೆ. ಆದರೆ ಕನ್ನಡ ಬರೆಯಲು ಕೂತ ಕೂಡಲೇ ನಮ್ಮ ಕೈಗೆ 'ಮತ್ತು' ಬರುತ್ತದೆ. ಮೂರು ವಸ್ತು ಇದ್ದರೆ ಮೊದಲೆರಡರ ನಡುವೆ ಅಲ್ಪವಿರಾಮ, ಕೊನೆಯದರ ಮೊದಲು 'ಮತ್ತು'. ಅಕ್ಕಿ, ಬೇಳೆ ಮತ್ತು ಬೆಲ್ಲ. ಇದು ಇಂಗ್ಲಿಷ್ ಪಟ್ಟಿಯ ಕ್ರಮ. ಅಂಗಡಿಯ ಎದುರು ನಿಂತು ಹೀಗೆ ಯಾರೂ ಕೇಳುವುದಿಲ್ಲ. ಅಲ್ಲಿ ಗಿರಾಕಿ ಅಕ್ಕಿ, ಬೇಳೆ, ಬೆಲ್ಲ ಅಂತ ಒಂದೊಂದೇ ಹೇಳುತ್ತಾರೆ, ಅಂಗಡಿಯವರು ನಡುನಡುವೆ 'ಮತ್ತೆ?' ಅನ್ನುತ್ತಾರೆ. ಆ 'ಮತ್ತೆ' ಎರಡು ವಸ್ತುವನ್ನು ಕಟ್ಟುವುದಿಲ್ಲ, ಮಾತನ್ನು ಮುಂದಕ್ಕೆ ತಳ್ಳುತ್ತದೆ. ಈಗ ಬಂದಿರುವ ದೊಡ್ಡ ಅಂಗಡಿಗಳಲ್ಲಿ ಬಿಲ್ ಮಾಡುವ ಹುಡುಗಿ 'ಬೇರೆ ಏನಾದರೂ?' ಎನ್ನುತ್ತಾಳೆ, ಮಲಯಾಳದವರಿಗಾದರೆ 'ವೇರೆ ಎಂದೆಂಗಿಲುಂ?' ಎರಡರ ಹಿಂದೆಯೂ ಎನಿಥಿಂಗ್ ಎಲ್ಸ್ ಇದೆ.

ಕ್ರಿಯಾಪದಗಳ ನಡುವೆ 'ಮತ್ತು' ಬಂದರೆ ಮಾತ್ರ ನನಗೆ ಸಹಿಸುವುದು ಕಷ್ಟ. 'ಆಪ್ ತೆರೆಯಿರಿ ಮತ್ತು ನಿಮ್ಮ ನಂಬರ್ ನಮೂದಿಸಿ.' ಕನ್ನಡದಲ್ಲಿ ಕೆಲಸಗಳು ಒಂದರ ಹಿಂದೆ ಒಂದು ತಾವೇ ಸಾಲು ಕಟ್ಟಿಕೊಂಡು ಬರುತ್ತವೆ. ತೆರೆದು ನಮೂದಿಸಿ ಅಂದರೆ ಸಾಕು. ಬಂದು ಕೂತು ಚಾ ಕುಡಿದು ಎರಡು ಮಾತಾಡಿ ಹೋದ. ಐದು ಕೆಲಸ, ಒಂದು ವಾಕ್ಯ, ಗಂಟು ಹಾಕಲು ಒಂದೂ ದಾರ ಬೇಡ. ತುಳು, ಮಲಯಾಳ, ಕೊಂಕಣಿ, ಮರಾಠಿ ಎಲ್ಲಕ್ಕೂ ಈ ಸಾಲು ಕಟ್ಟುವುದು ಗೊತ್ತು.

ಗಡಿಯಲ್ಲಿ ವಾಕ್ಯದ ಅಚ್ಚುಗಳು ಒಂದಾಗುವುದು ಹೊಸ ಸಂಗತಿಯೇನಲ್ಲ. ನಮ್ಮಿಂದ ದೂರ, ಕನ್ನಡದ ಇನ್ನೊಂದು ಅಂಚಿನಲ್ಲಿ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪ್ವಾಡ ಎಂಬ ಊರಿದೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ಆ ಊರಿನ ಮಾತನ್ನು ಕೂತು ಕೇಳಿ 1971ರಲ್ಲಿ ಒಂದು ಪ್ರಬಂಧ ಬರೆದರು. ಅಲ್ಲಿ ಜೈನರದ್ದೂ ಲಿಂಗಾಯತರದ್ದೂ ಮನೆಮಾತು ಕನ್ನಡ, ಮುಸಲ್ಮಾನರದ್ದು ಉರ್ದು, ಇನ್ನು ಕೆಲವರದ್ದು ಮರಾಠಿ. ತಲೆಮಾರುಗಳಿಂದ ಒಟ್ಟಿಗೆ ಗೇಯ್ದು, ಒಟ್ಟಿಗೆ ವ್ಯಾಪಾರ ಮಾಡಿ, ಆ ಊರಿನ ಮೂರು ಭಾಷೆಗಳ ವ್ಯಾಕರಣ ಒಂದೇ ಆಗಿಬಿಟ್ಟಿತ್ತು. 'ಸ್ವಲ್ಪ ಸೊಪ್ಪು ಕೊಯ್ದು ತಗೊಂಡು ಬಂದೆ' ಎಂಬಂಥ ಒಂದು ವಾಕ್ಯವನ್ನು ಅವರು ಮೂರು ಭಾಷೆಗಳಲ್ಲೂ ಕೊಡುತ್ತಾರೆ. ಒಂದರ ಪದ ತೆಗೆದು ಅದೇ ಜಾಗದಲ್ಲಿ ಇನ್ನೊಂದರ ಪದ ಇಡುತ್ತಾ ಹೋದರೆ ಸರಿಯಾದ ವಾಕ್ಯವೇ ಆಗುತ್ತದೆ. ಪದಗಳನ್ನು ಮಾತ್ರ ಯಾರೂ ಬಿಟ್ಟುಕೊಟ್ಟಿರಲಿಲ್ಲ. ಮನೆಯೊಳಗೆ ನಾವು ಯಾರು ಎಂಬುದಕ್ಕೆ ಪದಗಳು ಬೇಕಿದ್ದವು, ಬೀದಿಗೆ ಒಂದೇ ವ್ಯಾಕರಣ ಸಾಕಿತ್ತು.

ಇದನ್ನು ಓದುವಾಗ ನಮ್ಮ ಕುಂಬಳೆ ಪೇಟೆ ನೆನಪಾಯಿತು. ಆದರೆ ಒಂದು ವ್ಯತ್ಯಾಸ ಇದೆ. ಕುಪ್ವಾಡದವರು ಅಚ್ಚನ್ನು ತಮ್ಮತಮ್ಮೊಳಗೇ ಸವೆಸಿ ಮಾಡಿಕೊಂಡರು. ಉರ್ದು ಕನ್ನಡದ ಹತ್ತಿರ ಬಂತು, ಕನ್ನಡ ಮರಾಠಿಯ ಹತ್ತಿರ ಹೋಯಿತು. ಇಲ್ಲಿ ಈಗ ಕನ್ನಡವೂ ಮಲಯಾಳವೂ ಹತ್ತಿರವಾಗುತ್ತಿರುವುದು ಒಂದನ್ನೊಂದು ನೋಡಿ ಅಲ್ಲ. ಇಬ್ಬರೂ ಮೂರನೆಯವರ ಕಡೆ ಮುಖ ಮಾಡಿ ನಡೆಯುತ್ತಿದ್ದಾರೆ, ಹಾಗಾಗಿ ಹತ್ತಿರ ಆಗಿದ್ದಾರೆ.

ಇಲ್ಲಿ ಸರಕಾರಿ ಅರ್ಜಿ ತುಂಬಿಸುವ ಅಕ್ಷಯ ಕೇಂದ್ರದಲ್ಲಿ ಸಹಿ ಹಾಕಿದವರಿಗೆಲ್ಲ ಒಂದು ಸಾಲು ಗೊತ್ತಿರುತ್ತದೆ: 'ಮೇಲಿನ ವಿವರಗಳು ನನ್ನ ಅರಿವಿಗೂ ನಂಬಿಕೆಗೂ ಸತ್ಯವಾಗಿವೆ.' ಮಲಯಾಳದಲ್ಲಿ 'ಎಂಡೆ ಅರಿವಿಲುಂ ವಿಶ್ವಾಸತ್ತಿಲುಂ ಸತ್ಯಮಾಣ್.' ಇಂಗ್ಲಿಷ್ ಕೋರ್ಟಿನ ನಾಲೆಜ್ ಆಂಡ್ ಬಿಲೀಫ್. ನಮ್ಮ ನೆರೆಯ ಒಬ್ಬ ಹಿರಿಯರಿಗೆ ನಾನು ಇದನ್ನು ಓದಿ ಹೇಳಿದಾಗ, "ಅರಿವು ಒಂದು, ನಂಬಿಕೆ ಒಂದು ಬೇರೆ ಯಾಕೆ ಮಾಷ್ಟ್ರೇ? ನಿಜ ಅಂತ ಬರೆದರೆ ಸಾಲದಾ?" ಅಂತ ಕೇಳಿದರು. ಕಾನೂನಿನವರನ್ನು ಕೇಳಿದರೆ ಕಣ್ಣಾರೆ ಕಂಡದ್ದು ಬೇರೆ, ನಂಬಿದ್ದು ಬೇರೆ ಅಂತ ಬಿಡಿಸಿ ಹೇಳಿಯಾರು. ಆದರೆ ಇಂಗ್ಲಿಷ್ ಕಾನೂನಿಗೆ ಜೋಡಿಪದಗಳ ಹುಚ್ಚು ಹಳೆಯದು. 1066ರ ನಂತರ ಇಂಗ್ಲೆಂಡನ್ನು ಆಳಿದವರ ಮಾತು ಫ್ರೆಂಚ್, ಊರವರ ಮಾತು ಇಂಗ್ಲಿಷ್. 'ಗೂಡ್ಸ್ ಆಂಡ್ ಚಾಟಲ್ಸ್' ಅನ್ನುವುದರಲ್ಲಿ ಮೊದಲನೆಯದು ಊರವರದ್ದು, ಎರಡನೆಯದು ಆಳುವವರದ್ದು. ಅಂದರೆ ಅವರದ್ದೂ ಒಂದು ಗಡಿನಾಡಿನ ಭಾಷೆಯೇ! ನಮ್ಮ ಹಿರಿಯರಿಗೆ ಇದನ್ನು ಹೇಳಿದೆ. ಅವರು ಕೂಡಲೇ ತಮ್ಮ ಜಾಗದ ಹಳೇ ಆಧಾರ ಪತ್ರದ ಸಾಲನ್ನು ಬಾಯಿಪಾಠ ಒಪ್ಪಿಸಿದರು, 'ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರತಕ್ಕದ್ದು.' ಅದರಲ್ಲೂ ಪದಗಳಿಗೇನು ಬರ ಇಲ್ಲ. ಆದರೆ ಆ ಸಾಲು ಬಾಯಿಗೆ ಬರುತ್ತದೆ, ಅರಿವು ನಂಬಿಕೆಯ ಸಾಲು ಬರುವುದಿಲ್ಲ.

ಚಾ ಬಿಸಿ ಉಂಟು

ನಾನು ಶಾಲೆಯಲ್ಲಿ ಕಲಿಸಿದ್ದು ಇಂಗ್ಲಿಷ್. ಕನ್ನಡ ಮೀಡಿಯಂ ಮಕ್ಕಳು. ಮನೆಯಲ್ಲಿ ಒಬ್ಬರದ್ದು ತುಳು, ಒಬ್ಬರದ್ದು ಮಲಯಾಳ, ಒಬ್ಬರದ್ದು ಹವ್ಯಕ, ಒಬ್ಬರದ್ದು ಮರಾಟಿ. ಪರೀಕ್ಷೆಗೆ ಬರುತ್ತಿದ್ದ ಅಚ್ಚುಗಳನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಂದ ತುಂಬಿಸುವುದು ನನ್ನ ಕೆಲಸ. ಆಸ್ ಸೂನ್ ಆಸ್, ನೋ ಸೂನರ್ ದ್ಯಾನ್, ನಾಟ್ ಓನ್ಲಿ ಬಟ್ ಆಲ್ಸೋ, ಟೂ ಟು. ಪಿಯುಸಿಯಲ್ಲೋ ಪ್ಲಸ್ ಟೂನಲ್ಲೋ ಇಂಗ್ಲಿಷ್ ಮರೆತವರಿಗೂ ಈ ಖಾಲಿ ಪೆಟ್ಟಿಗೆಗಳು ನೆನಪಿರುತ್ತವೆ.

ಒಂದು ದಿನ ಟೂ ಟು ಪಾಠ. 'ದಿ ಟೀ ಈಸ್ ಟೂ ಹಾಟ್ ಟು ಡ್ರಿಂಕ್.' ಇದನ್ನು ಕನ್ನಡದಲ್ಲಿ ಹೇಳಿ ಅಂದೆ. ಮುಂದಿನ ಬೆಂಚಿನ ಹುಡುಗ, ಗೈಡ್ ಓದಿದವ, "ಚಹಾವು ಕುಡಿಯಲು ಅತಿ ಬಿಸಿಯಾಗಿದೆ" ಅಂದ. ಇನ್ನೊಬ್ಬಳು ಸ್ವಲ್ಪ ಯೋಚಿಸಿ "ಕುಡಿಯಲಿಕ್ಕೆ ಆಗದಷ್ಟು ಬಿಸಿ" ಅಂದಳು. ಅದು ಒಳ್ಳೆಯ ಉತ್ತರ. ಹಿಂದಿನ ಬೆಂಚಿನಲ್ಲಿ ಒಬ್ಬ ಇದ್ದ. ಬೆಳಿಗ್ಗೆ ಅಪ್ಪನ ಹೋಟೆಲಿನಲ್ಲಿ ಗ್ಲಾಸು ತೊಳೆದು ಶಾಲೆಗೆ ಬರುತ್ತಿದ್ದ ಹುಡುಗ. ಅವನನ್ನು ಕೇಳಿದೆ. "ಚಾ ಬಿಸಿ ಉಂಟು ಮಾಷ್ಟ್ರೇ, ಮತ್ತೆ ಕುಡಿಯುವಾ." ಕ್ಲಾಸು ನಕ್ಕಿತು. ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದರೆ ಅವನು ಹೇಳಿದ್ದೇ ಸರಿ ಅನಿಸಿತು. ಚಾ ಬಿಸಿ ಇದ್ದಾಗ ನಮ್ಮ ಊರಿನಲ್ಲಿ ಜನ ಹೇಳುವ ಮಾತು ಅದೇ. ಬಿಸಿಯ ಅಳತೆ ಯಾರಿಗೂ ಬೇಡ, ಏನು ಮಾಡೋಣ ಎಂಬುದು ಬೇಕು. ಮೊದಲಿಬ್ಬರು ವಾಕ್ಯವನ್ನು ಕನ್ನಡ ಮಾಡಿದರು. ಇವನು ಸನ್ನಿವೇಶವನ್ನೇ ಕನ್ನಡ ಮಾಡಿದ.

ಮಾತು ಅಂದರೆ ಒಂದೊಂದೇ ಪದ ಆರಿಸಿ ವ್ಯಾಕರಣದ ಸೂತ್ರಕ್ಕೆ ಪೋಣಿಸುವುದು ಅಂತ ನಾವು ಮಕ್ಕಳಿಗೆ ಕಲಿಸುತ್ತೇವೆ. ಬ್ರಿಟನ್ನಿನ ಭಾಷಾಶಾಸ್ತ್ರಜ್ಞ ಜಾನ್ ಸಿಂಕ್ಲೇರ್ ಹಾಗಲ್ಲ ಎಂದರು. 1980ರಿಂದ ಬರ್ಮಿಂಗ್ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಲಕ್ಷಗಟ್ಟಲೆ ಇಂಗ್ಲಿಷ್ ವಾಕ್ಯಗಳನ್ನು ಕಂಪ್ಯೂಟರಿಗೆ ತುಂಬಿ ಒಂದು ಡಿಕ್ಷನರಿಗಾಗಿ ಜಾಲಾಡಿತು. ಜನ ಮಾತಾಡುವುದು ಬಹುಪಾಲು ಅರ್ಧ ಕಟ್ಟಿಟ್ಟ ತುಂಡುಗಳಲ್ಲಿ, ಪೂರ್ತಿ ಹೊಸದಾಗಿ ಕಟ್ಟುವುದು ಕಡಿಮೆ ಎಂಬುದು ಅವರ ವಾದ. ಸಿಂಕ್ಲೇರ್‌ಗೆ ಈ ದಾರಿ ತೋರಿಸಿದವರಲ್ಲಿ ಜೆ. ಆರ್. ಫರ್ತ್ ಒಬ್ಬರು. ಒಂದು ಪದ ಯಾರ ಜೊತೆ ಓಡಾಡುತ್ತದೆ ಎಂದು ನೋಡಿದರೆ ಅದರ ಅರ್ಥ ತಿಳಿಯುತ್ತದೆ ಅಂದವರು ಅವರು. ಈ ಫರ್ತ್ 1919ರಿಂದ 1928ರ ತನಕ ಲಾಹೋರಿನಲ್ಲಿ, ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರು ಎಂಬುದು ನನಗೆ ತುಂಬಾ ಖುಷಿ ಕೊಟ್ಟ ಸಂಗತಿ. ಅವರ ಕ್ಲಾಸಿನಲ್ಲೂ ಹಿಂದಿನ ಬೆಂಚು ಇದ್ದಿರಬೇಕು.

ಅಚ್ಚುಗಳು ಈ ಕಡೆಯಿಂದ ಆ ಕಡೆಗೂ ಹೋಗುತ್ತವೆ. ನಮ್ಮ ಮಕ್ಕಳ ಇಂಗ್ಲಿಷ್ ಪೇಪರು ತಿದ್ದುವಾಗ 'ಟುಡೇ ಇಟ್ಸೆಲ್ಫ್' ಸಿಗದ ದಿನವೇ ಇರುತ್ತಿರಲಿಲ್ಲ. 'ಇವತ್ತೇ' ಅನ್ನುವಲ್ಲಿಯ ಆ ಏಕಾರವನ್ನು ಇಂಗ್ಲಿಷಿನಲ್ಲಿ ಎಲ್ಲಿ ಇಡುವುದು? ಇಟ್ಸೆಲ್ಫ್ ಅಂತ ಬಾಲ ಅಂಟಿಸಿದರು. ಮಲಯಾಳದ ಮಕ್ಕಳಿಗೆ 'ಇನ್ನು ತನ್ನೆ' ಇದೆ, ಅವರೂ ಅದನ್ನೇ ಅಂಟಿಸಿದರು. 'ಸಿಂಪ್ಲಿ ಐ ಆಸ್ಕ್ಡ್' ಅಂದರೆ ಸುಮ್ನೆ ಕೇಳಿದೆ, ಚುಮ್ಮಾ ಚೋದಿಚ್ಚು. 'ಐ ವಿಲ್ ಗೋ ಆಂಡ್ ಕಮ್' ಬಗ್ಗೆ ಹೇಳುವುದೇ ಬೇಡ. ಬಾಗಿಲಲ್ಲಿ ನಿಂತು ಬರೀ 'ಹೋಗ್ತೇನೆ' ಅನ್ನಲು ನಮಗೆ ಬಾಯಿ ಬರುವುದಿಲ್ಲ. ಇವನ್ನೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದೇ ನಮ್ಮ ನೌಕರಿ. ಇಂಗ್ಲಿಷಿನೊಳಗೆ ನಮ್ಮ ಅಚ್ಚು ಕಂಡರೆ ತಪ್ಪು ಅನ್ನುತ್ತೇವೆ. ಕನ್ನಡದೊಳಗೆ ಇಂಗ್ಲಿಷ್ ಅಚ್ಚು ಕಂಡರೆ ಅದಕ್ಕೆ ಶಿಷ್ಟ ಬರಹ ಅಂತ ಹೆಸರು. 'ಸಭೆಯು ಅಧ್ಯಕ್ಷರಿಂದ ಉದ್ಘಾಟಿಸಲ್ಪಟ್ಟಿತು' ಎಂದು ಬರೆದ ಹುಡುಗನಿಗೆ ಕನ್ನಡ ಪೇಪರಿನಲ್ಲಿ ಪೂರ್ತಿ ಮಾರ್ಕು!

ಸಾವಿನ ಮನೆಯಲ್ಲಿ

ಕೆಲವು ವರ್ಷಗಳ ಹಿಂದೆ ಬದಿಯಡ್ಕದ ಹತ್ತಿರ ನಮ್ಮ ಪರಿಚಯದ ಒಬ್ಬರು ತೀರಿಕೊಂಡರು. ಸುದ್ದಿ ಮೊದಲು ಫೋನಿಗೆ ಬಂತು. ಊರಿನ ವಾಟ್ಸ್ಯಾಪ್ ಗುಂಪು ತುಂಬಾ ಕೈಮುಗಿದ ಚಿತ್ರಗಳು. ಮಲಯಾಳದವರು 'ಆದರಾಂಜಲಿಕಳ್' ಅಂತ ಹಾಕುತ್ತಿದ್ದರು, ಕನ್ನಡದವರು 'ಓಂ ಶಾಂತಿ', 'ಆತ್ಮಕ್ಕೆ ಚಿರಶಾಂತಿ ಸಿಗಲಿ' ಅಂತ. ಕೆಲವರು ಮೂರೇ ಇಂಗ್ಲಿಷ್ ಅಕ್ಷರ ಒತ್ತಿ ಮುಂದೆ ಹೋಗಿದ್ದರು.

ಮನೆಗೆ ಹೋದೆ. ಜಗಲಿಯಲ್ಲಿ ಬೆಂಚು, ಕುರ್ಚಿ. ನಮ್ಮ ಕಡೆ ಸಾವಿನ ಮನೆಗೆ ಹೋದವರು ಸಮಾಧಾನದ ಮಾತು ಹೇಳುವುದಿಲ್ಲ, ಪ್ರಶ್ನೆ ಕೇಳುತ್ತಾರೆ. "ಎಷ್ಟು ಹೊತ್ತಿಗೆ?" "ರಾತ್ರಿ ಊಟ ಮಾಡಿದ್ದರಾ?" "ಮಗ ಗಲ್ಫಿನಿಂದ ಹೊರಟನಾ?" ಅದೇ ಪ್ರಶ್ನೆಯನ್ನು ಬಂದವರೆಲ್ಲ ಕೇಳುತ್ತಾರೆ. ಮನೆಯವರು ಅದೇ ಉತ್ತರವನ್ನು ಪ್ರತಿಯೊಬ್ಬರಿಗೂ ಹೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಆ ಕತೆಗೆ ಒಂದು ರೂಪ ಬಂದಿರುತ್ತದೆ. ಬೆಳಿಗ್ಗೆ ಅಳುತ್ತಾ ಹೇಳಿದ ಸಾಲನ್ನು ಸಂಜೆಗೆ ಅಳದೆ ಹೇಳಲು ಬರುತ್ತದೆ. ಹೊರಡುವಾಗ ಬರ್ತೇನೆ ಅನ್ನಬಾರದು, ಸುಮ್ಮನೆ ಎದ್ದು ಬರಬೇಕು. ಅಲ್ಲಿ ಹೇಳಬೇಕಾದ ಸಿದ್ಧ ವಾಕ್ಯ ಒಂದೂ ಇಲ್ಲ.

ತೀರಿಕೊಂಡವರ ತಮ್ಮನ ಮೊಮ್ಮಗ ಬಂದಿದ್ದ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವ. ಒಳಗೆ ಹೋಗಿ ಅಜ್ಜಿಯ ಪಕ್ಕ ನೆಲದಲ್ಲಿ ಕೂತ. ಏನು ಹೇಳಬೇಕೆಂದು ಅವನಿಗೆ ತೋಚಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ, "ದೊಡ್ಡಜ್ಜೀ, ನಿಮ್ಮ ನಷ್ಟಕ್ಕೆ ತುಂಬಾ ಸಾರಿ" ಅಂದ. ಬಾಗಿಲ ಹತ್ತಿರ ನಿಂತಿದ್ದ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ನಷ್ಟ ಅಂದರೆ ನಮ್ಮಲ್ಲಿ ಅಡಿಕೆಗೆ ರೇಟು ಬಿದ್ದಾಗ ಆಗುವುದು. ಅಜ್ಜಿ ಆ ಮಾತಿಗೆ ಉತ್ತರ ಕೊಡಲಿಲ್ಲ. ಅವನ ಕೈ ಹಿಡಿದುಕೊಂಡು, "ಯಾವ ಬಸ್ಸಿಗೆ ಬಂದದ್ದು ಮಗಾ? ಚಾ ಕುಡಿದೆಯಾ?" ಅಂತ ಕೇಳಿದರು. ಅವನು ರಾತ್ರಿ ಬಸ್ಸು, ಸಂಪಾಜೆ ಘಾಟಿನಲ್ಲಿ ಬ್ಲಾಕ್ ಆದದ್ದು, ಮಳೆ, ಎಲ್ಲ ಹೇಳತೊಡಗಿದ. ಹೇಳುತ್ತಾ ಹೇಳುತ್ತಾ ಅವನಿಗೆ ಅಳು ಬಂತು. ಪ್ರಶ್ನೆ ಕೇಳುವ ಕೆಲಸವನ್ನು ಅಜ್ಜಿಯೇ ಮಾಡಿದ್ದರು.

ಆ ಹುಡುಗನನ್ನು ನಗುವುದು ಸುಲಭ. ಹಲವರು ಆಮೇಲೆ ನಕ್ಕರು ಕೂಡ. ನನಗೆ ಹಾಗೆ ಕಾಣುವುದಿಲ್ಲ. ನಮ್ಮ ಪ್ರಶ್ನೆ ಕೇಳುವ ರೀತಿ ಅವನಿಗೆ ಗೊತ್ತಿರಲಿಲ್ಲ, ಯಾರೂ ಕಲಿಸಿರಲಿಲ್ಲ. ಬರಿಗೈಯಲ್ಲಿ ಒಳಗೆ ಹೋಗಲು ಅವನಿಂದ ಆಗಲಿಲ್ಲ, ಇದ್ದ ಒಂದು ವಾಕ್ಯವನ್ನು ಹಿಡಿದುಕೊಂಡು ಹೋದ. ಹಿಡಿಯಲು ಅದೂ ಇಲ್ಲದವರು ವಾಟ್ಸ್ಯಾಪಿನಲ್ಲಿ ಕೈಮುಗಿದು ಮನೆಯಲ್ಲೇ ಕೂತಿದ್ದರಲ್ಲ. ಇಂಗ್ಲಿಷಿನ ಈ ಸಿದ್ಧವಾಕ್ಯಗಳು ಬರುವುದು ಹೀಗೆ ಅಂತ ನನಗೆ ಕಾಣುತ್ತದೆ. ನಮ್ಮಲ್ಲಿ ಮಾತಿನ ಬದಲು ನಡತೆ ಇದ್ದ ಜಾಗಗಳಿಗೆ ಅವು ಮೊದಲು ಬರುತ್ತವೆ. ಹುಟ್ಟಿದ ದಿನಕ್ಕೆ ಪಾಯಸ ಮಾಡುತ್ತಿದ್ದೆವು, ಹೇಳಲು ವಾಕ್ಯ ಇರಲಿಲ್ಲ. ಮದುವೆಗೆ ಹೋದರೆ ಊಟ ಮಾಡಿ ಬರುತ್ತಿದ್ದೆವು, ಊಟ ಮಾಡಿದ್ದೇ ಆಶೀರ್ವಾದ. ಒಟ್ಟಿಗೆ ಇರುವವರಿಗೆ ಅಷ್ಟು ಸಾಕಾಗುತ್ತಿತ್ತು. ದೂರ ಹೋದವರು ಪಾಯಸವನ್ನು ಫೋನಿನಲ್ಲಿ ಕಳಿಸಲಿಕ್ಕಾಗುವುದಿಲ್ಲ, ಅವರಿಗೆ ವಾಕ್ಯ ಬೇಕು.

ಥ್ಯಾಂಕ್ಸ್ ಮಾತ್ರ ಹಾಗಲ್ಲ. ಅದಕ್ಕೆ ನಮ್ಮಲ್ಲಿ ಮಾತಿತ್ತು. ಯಾರಾದರೂ ದೊಡ್ಡ ಸಹಾಯ ಮಾಡಿದರೆ 'ಉಪಕಾರ ಆಯ್ತು ಮಾರಾಯ್ರೇ' ಅನ್ನುತ್ತಿದ್ದೆವು. ಮಲಯಾಳದವರದ್ದು 'ವಲಿಯ ಉಪಕಾರಂ'. ತುಳುವಿನಲ್ಲಿ 'ಉಪಕಾರ ಆಂಡ್'. ಅದೇ ರೀತಿ ದಾರಿಯಲ್ಲಿ ಸಿಕ್ಕಿದರೆ ಕನ್ನಡದಲ್ಲಿ 'ಎಂತ ವಿಶೇಷ?', ಮಲಯಾಳದಲ್ಲಿ 'ಎಂದುಂಡು ವಿಶೇಷಂ?', ತುಳುವಿನಲ್ಲಿ 'ದಾನೆ ವಿಶೇಷ?'. ಮಧ್ಯಾಹ್ನವಾದರೆ 'ಊಟ ಆಯ್ತಾ', 'ಚೋರ್ ಬೆಯ್ಚೋ', 'ಒಣಸ್ ಆಂಡಾ'. ಸುದ್ದಿಗಾಗಿ ಅಲ್ಲದೆ ಬರೀ ಸಂಬಂಧಕ್ಕಾಗಿ ಆಡುವ ಇಂಥ ಮಾತಿಗೆ ಮಾನವಶಾಸ್ತ್ರಜ್ಞ ಮಾಲಿನೋವ್ಸ್ಕಿ 1923ರಲ್ಲೇ ಒಂದು ಹೆಸರು ಕೊಟ್ಟಿದ್ದರು. ಊಟ ಆಯ್ತಾ ಅಂತ ಕೇಳಿದವರು ಊಟ ಹಾಕಬೇಕೆಂದಿಲ್ಲ ಎಂಬುದು ನಮಗೆಲ್ಲ ಗೊತ್ತು, ಶಾಸ್ತ್ರಜ್ಞರು ಬೇಕಾಗಿಲ್ಲ. ಆದರೆ ಈ ಸಾಲುಗಳನ್ನು ನೋಡಿ. ಇದು ನಮ್ಮ ಕುಪ್ವಾಡ. ಇಲ್ಲಿ ಮೂರು ಭಾಷೆ ಒಂದೇ ಅಚ್ಚಿನಲ್ಲಿವೆ, ಇಂಗ್ಲಿಷಿನ ಸಹಾಯ ಯಾರೂ ಕೇಳಿಲ್ಲ. 1956ರಲ್ಲಿ ರಾಜ್ಯಗಳ ನಡುವೆ ಗೆರೆ ಎಳೆದಾಗ, ಆಮೇಲೆ ಗಡಿ ತಕರಾರು ನೋಡಿದ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯನ್ನು ಗಡಿಯೆಂದು ತೋರಿಸಿದಾಗ, ಎಣಿಸಿದ್ದು ಯಾರ ಮಾತು ಯಾವುದು ಎಂದು. ಹೊಳೆಯ ಆಚೆಯವರೂ ಈಚೆಯವರೂ ಒಂದೇ ಪ್ರಶ್ನೆಯನ್ನು ಒಂದೇ ರೀತಿಯಲ್ಲಿ ಕೇಳುತ್ತಾರೆ ಎಂಬುದು ಯಾವ ಲೆಕ್ಕಕ್ಕೂ ಬರಲಿಲ್ಲ. ಈಗ 'ಉಪಕಾರ' ಎರಡೂ ಕಡೆ ಒಟ್ಟಿಗೇ ಹಿಂದೆ ಸರಿಯುತ್ತಿದೆ, 'ಥ್ಯಾಂಕ್ಸ್' ಎರಡೂ ಕಡೆ ಒಟ್ಟಿಗೇ ಮುಂದೆ ಬರುತ್ತಿದೆ.

ನನಗೆ, ನಾನು

ಇಷ್ಟೆಲ್ಲದರಲ್ಲಿ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಇನ್ನೊಂದು. ಕನ್ನಡದಲ್ಲಿ ಮನಸ್ಸಿನ, ಮೈಯ ಸಂಗತಿಗಳು ನಮಗೆ 'ಆಗುತ್ತವೆ'. ನನಗೆ ಹಸಿವಾಗುತ್ತದೆ, ನನಗೆ ಇಷ್ಟ, ನನಗೆ ನೆನಪಾಯಿತು, ನನಗೆ ಬೇಜಾರು, ನನಗೆ ಗೊತ್ತುಂಟು. ನಾನು ಅಲ್ಲಿ ಕರ್ತೃ ಅಲ್ಲ, ಅದು ಬಂದು ತಲುಪುವ ವಿಳಾಸ. ಮಲಯಾಳದಲ್ಲೂ 'ಎನಿಕ್ಕ್' ಹಾಗೆಯೇ. ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಐ ಮುಂದೆ ನಿಲ್ಲುತ್ತಾನೆ. ಐ ಲೈಕ್, ಐ ರಿಮೆಂಬರ್, ಐ ಮಿಸ್. ಈಗ ನಮ್ಮ ಮಾತಿನಲ್ಲೂ 'ನನಗೆ' ಮೆಲ್ಲಗೆ 'ನಾನು' ಆಗುತ್ತಿದೆ. ನಾನು ಇಷ್ಟಪಡುತ್ತೇನೆ, ನಾನು ಎಂಜಾಯ್ ಮಾಡಿದೆ, ನಾನು ಫೀಲ್ ಮಾಡಿದೆ. ಅತ್ತ ಕಡೆ 'ಞಾನ್ ಇಷ್ಟಪ್ಪೆಡುನ್ನು', 'ಮಿಸ್ ಚೆಯ್ಯುನ್ನು'. ನಮ್ಮ 'ಮಾಡು', ಅವರ 'ಚೆಯ್ಯು', ಇವೆರಡು ಸಿಕ್ಕಿದರೆ ಯಾವ ಇಂಗ್ಲಿಷ್ ಪದವನ್ನೂ ಬಗಲಿಗೆ ಹಾಕಿಕೊಂಡು ಬರಬಹುದು.

ಇದರಿಂದ ಏನಾಗುತ್ತದೆ? 'ಮಾಡು' ಬಂದ ಮೇಲೆ ಅಪ್ಪಣೆ ಕೊಡಬಹುದು. 'ಇಷ್ಟವಾಗು' ಅಂತ ಯಾರಿಗೂ ಹೇಳಲಿಕ್ಕೆ ಬರುವುದಿಲ್ಲ. ಇಷ್ಟ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. 'ಲೈಕ್ ಮಾಡಿ, ಶೇರ್ ಮಾಡಿ' ಅಂತ ದಿನಕ್ಕೆ ನೂರು ಜನ ಹೇಳುತ್ತಾರೆ. 'ನೆನಪಾಗು' ಅನ್ನಲು ಆಗುವುದಿಲ್ಲ. ನಾವು ಶಾಲೆಯಿಂದ ಟೂರಿಗೆ ಹೊರಟರೆ ಮನೆಯವರು 'ಜಾಗ್ರತೆ, ಹೋಗಿ ಬನ್ನಿ' ಅನ್ನುತ್ತಿದ್ದರು. ಖುಷಿ ಆಗುವುದು ಬಿಡುವುದು ನಮಗೆ ಬಿಟ್ಟದ್ದು. ಈಗಿನ ಅಪ್ಪ ಅಮ್ಮಂದಿರು 'ಎಂಜಾಯ್ ಮಾಡು' ಅನ್ನುತ್ತಾರೆ. ಪಾಪ ಆ ಮಗು ವಾಪಸು ಬಂದು, ಮಾಡಿದೆನೋ ಇಲ್ಲವೋ ಅಂತ ವರದಿ ಕೊಡಬೇಕು.

ಹಾಗಾದರೆ ಹಳೆಯದು ಹೋಯಿತು, ಹೊಸದು ಬಂತು ಅಂತ ಬರೆದು ಮುಗಿಸಬಹುದಿತ್ತು. ದುಬೈಯಲ್ಲಿ ನರ್ಸ್ ಆಗಿರುವ ನನ್ನ ತಂಗಿಯ ಮಗಳು ಅದಕ್ಕೆ ಅಡ್ಡ ಬಂದಳು. ಅವಳು ಕಳಿಸಿದ ಒಂದು ವಾಯ್ಸ್ ಮೆಸೇಜಿನಲ್ಲಿ ಹೀಗಿತ್ತು: "ಮಾವಾ, ನಿಮ್ಮನ್ನೆಲ್ಲ ತುಂಬಾ ಮಿಸ್ ಮಾಡ್ತೇನೆ. ಇಲ್ಲಿ ಎಸಿಯ ಶಬ್ದ ಕೇಳುವಾಗ ಒಮ್ಮೊಮ್ಮೆ ನನಗೆ ನಮ್ಮ ಮಳೆ ನೆನಪಾಗ್ತದೆ." ಎರಡೂ ಅಚ್ಚು ಅಕ್ಕಪಕ್ಕ ಇದ್ದವು. ಅದೇ ಕಿವಿ ಇಟ್ಟುಕೊಂಡು ಅವಳ ಹಳೆಯ ಮೆಸೇಜುಗಳನ್ನು ಮತ್ತೆ ಕೇಳಿದೆ. ಜನರಿಗೆ ಹೇಳುವಾಗ ಮಿಸ್ ಮಾಡುತ್ತಾಳೆ. ಅದು ಎದುರಿನವರಿಗೆ ತಲುಪಿಸಲಿಕ್ಕೆಂದೇ ಆಡಿದ ಮಾತು. ಮಳೆ, ಹಲಸಿನ ಹಣ್ಣಿನ ವಾಸನೆ, ತೀರಿಹೋದ ಅಜ್ಜಿ, ಇವೆಲ್ಲ ಅವಳಿಗೆ ನೆನಪಾಗುತ್ತವೆ. ಅವು ತಾವಾಗಿ ಬಂದವು, ಅವಳು ಮಾಡಿದ್ದಲ್ಲ. ಮಲಯಾಳದ ಗೆಳತಿಯರೊಡನೆ ಒಂದೇ ರೂಮಿನಲ್ಲಿ ಇರುವವಳು, ದಿನವಿಡೀ ಇಂಗ್ಲಿಷಿನಲ್ಲಿ ಕೆಲಸ ಮಾಡುವವಳು. ಹೊಸ ಅಚ್ಚನ್ನು ತಂದು ಹಳೆಯದನ್ನು ಎಸೆಯುವ ಬದಲು ಎರಡಕ್ಕೂ ಬೇರೆ ಬೇರೆ ಕೆಲಸ ಕೊಟ್ಟಿದ್ದಾಳೆ.

ಎಲ್ಲರೂ ಹೀಗೆ ಅಂತ ನಾನು ಹೇಳುವುದಿಲ್ಲ. ಅವಳ ತಮ್ಮ ಬೆಂಗಳೂರಿನಲ್ಲಿ ಕೂತು ಮಳೆಯನ್ನೂ ಮಿಸ್ ಮಾಡುತ್ತಾನೆ, ಬನ್ಸನ್ನೂ ಮಿಸ್ ಮಾಡುತ್ತಾನೆ. ಒಮ್ಮೆ ಬೆಳಗಿನ ಬಸ್ಸನ್ನೂ ಮಿಸ್ ಮಾಡಿದ್ದ. ಅವನ ಅಕ್ಕನಿಗೆ ಈ ವ್ಯತ್ಯಾಸದ ಬಗ್ಗೆ ಹೇಳಿದೆ. "ಎಂತ ಮಾವಾ, ನಿಮಗೆ ಯಾವಾಗಲೂ ಗ್ರಾಮರ್" ಅಂದಳು. ನಾನು ಹಾಗೆ ಹೇಳುತ್ತೇನಾ, ನನಗೇ ಗೊತ್ತಿಲ್ಲ ಎಂದೂ ಅಂದಳು. ಆಮೇಲೆ, ರಜೆಯಲ್ಲಿ ಬರುವಾಗ ಎಂತ ತರಬೇಕು ಅಂತ ಕೇಳಿದಳು.